ಕಂಪೈಲರ್‌ಗೆ ಹೆಪ್ಪು ಹಾಕುವ ಕೆಲಸ

ಮೊಸರು ಮಾಡಬೇಕಾದ್ರೆ ಹಾಲಿಗೆ ಒಂದು ಚಮಚ ಮೊಸರು ಬೇಕು. ಮನೇಲಿ ಹೆಪ್ಪಿಗೆ ಉಳಿಸದೆ ಎಲ್ಲಾ ಬಳಿದು ತಿಂದ್ರೆ ಮರುದಿನ ಲೋಟ ಹಿಡ್ಕೊಂಡು ಪಕ್ಕದ ಮನೆಗೆ ಹೋಗೋದೇ. ಕಂಪೈಲರ್ ಕಥೆಯೂ ಇಷ್ಟೇ. ಜಿಸಿಸಿ ಅನ್ನೋ ಸಿ ಕಂಪೈಲರನ್ನು ಬಹಳ ವರ್ಷ ಸಿ ಭಾಷೆಯಲ್ಲೇ ಬರೀತಿದ್ರು. 2013ರಲ್ಲಿ ಬಂದ 4.8ನೇ ಆವೃತ್ತಿಯಿಂದ ಅದನ್ನ ಕಟ್ಟೋಕೆ ಸಿ++ ಕಂಪೈಲರ್ ಬೇಕು. ಅಂದ್ರೆ ಜಿಸಿಸಿ ಮಾಡೋಕೆ ಮೊದಲೇ ಒಂದು ಜಿಸಿಸಿಯೋ, ಅದರಂಥದ್ದು ಇನ್ನೊಂದೋ ಬೇಕು. ಅದಿಲ್ಲದಿದ್ರೆ ಲಕ್ಷಗಟ್ಟಲೆ ಸಾಲಿನ ಸೋರ್ಸ್ ಕೋಡ್ ಕೈಲಿದ್ರೂ ಅದು ಬರೀ ಹಾಲು.

ಜಿಸಿಸಿ ಬರೆದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಮಾಮೂಲಿ ಕಂಪ್ಯೂಟರಿನಲ್ಲಿ 'ಕಾನ್ಫಿಗರ್', 'ಮೇಕ್' ಅಂತ ಹೊಡೆದರೆ ಅದು ತನ್ನನ್ನು ತಾನು ಮೂರು ಸಲ ಕಟ್ಟಿಕೊಳ್ಳುತ್ತೆ. ನಿಮ್ಮ ಮೆಷೀನಿನಲ್ಲಿ ಇರೋ ಹಳೇ ಕಂಪೈಲರ್ ಮೊದಲನೇ ತಲೆಮಾರನ್ನು ಹುಟ್ಟಿಸುತ್ತೆ. ಆ ಮೊದಲನೇದು ಅದೇ ಸೋರ್ಸಿನಿಂದ ಎರಡನೇದನ್ನು, ಎರಡನೇದು ಮೂರನೇದನ್ನು. ಕೊನೆಗೆ ಎರಡನೇ ಮತ್ತು ಮೂರನೇ ತಲೆಮಾರಿನ ಆಬ್ಜೆಕ್ಟ್ ಫೈಲುಗಳನ್ನು ಬೈಟ್ ಬೈಟ್ ಹೋಲಿಸಿ ನೋಡುತ್ತೆ. ಒಂದೇ ಸೋರ್ಸ್, ಒಂದೇ ಬುದ್ಧಿಯ ಕಂಪೈಲರ್, ಹಾಗಾಗಿ ಫಲಿತಾಂಶವೂ ಒಂದೇ ಇರಬೇಕು. ಇಲ್ಲಾಂದ್ರೆ ಎಲ್ಲೋ ಎಡವಟ್ಟಾಗಿದೆ ಅಂತ ಬಿಲ್ಡ್ ನಿಂತುಹೋಗುತ್ತೆ. ಇದರಲ್ಲೊಂದು ತಮಾಷೆ ಇದೆ: ಹೋಲಿಸುವಾಗ ಪ್ರತಿ ಫೈಲಿನ ಮೊದಲ 16 ಬೈಟ್‌ಗಳನ್ನು ಲೆಕ್ಕಕ್ಕೆ ಇಟ್ಟುಕೊಳ್ಳೋದಿಲ್ಲ. ಕೆಲವು ಹಳೇ ಫಾರ್ಮ್ಯಾಟ್‌ಗಳಲ್ಲಿ ಫೈಲಿನ ತಲೆಯಲ್ಲೇ ಅದು ಹುಟ್ಟಿದ ಗಳಿಗೆ ಬರೆದಿರುತ್ತೆ. ಜಾತಕ ಬೇರೆ ಇದ್ರೂ ಪರವಾಗಿಲ್ಲ, ಮೈ ಒಂದೇ ಇರಬೇಕು ಅಂತ :-)

ಇಷ್ಟೆಲ್ಲಾ ಯಾಕೆ ಹೇಳ್ತಿದೀನಿ ಅಂದ್ರೆ, ಹೋದ ಮೂರು ತಿಂಗಳು ನನ್ನ ಕೆಲಸವೇ ಇದು. ಒಂದು ಹಳೇ ಕಂಪೈಲರನ್ನು ಸೋರ್ಸಿನಿಂದ ಮತ್ತೆ ಕಟ್ಟುವ ಶೆಲ್ ಸ್ಕ್ರಿಪ್ಟ್ ಬರೆಯೋದು. ಕೇಳಿದವರೆಲ್ಲ "ಅಷ್ಟೇನಾ?" ಅಂದ್ರು.

ಸಂಗತಿ ಹೀಗಿದೆ. ಸಣ್ಣ ಊರುಗಳ ಕುಡಿಯುವ ನೀರಿನ ಪಂಪುಗಳನ್ನು ನೋಡಿಕೊಳ್ಳುವ ಒಂದು ಬೋರ್ಡು. ಒಳಗೆ ಆರ್ಮ್ ಚಿಪ್, ಅದರ ಮೇಲೆ ಲಿನಕ್ಸ್. ಬೋರ್ಡಿನ ಸಾಫ್ಟ್‌ವೇರ್ ಬರೆದು ಹದಿನೈದು ವರ್ಷದ ಮೇಲಾಯ್ತು. ಅದರಲ್ಲೊಂದು ರೋಗ. ಬೋರ್ಡು ಆನ್ ಆಗಿ ಸುಮಾರು 50 ದಿನ ಆಗುತ್ತಿದ್ದ ಹಾಗೆ ಅದು ಮಾತು ನಿಲ್ಲಿಸುತ್ತೆ. ಪಂಪು ಓಡ್ತಿದ್ಯೋ ಇಲ್ವೋ, ಟ್ಯಾಂಕು ತುಂಬಿತೋ ಇಲ್ವೋ, ಏನೂ ತಿಳಿಯಲ್ಲ. ಸಾಫ್ಟ್‌ವೇರಿನವರಿಗೆ 'ಐವತ್ತು ದಿನ' ಅಂದ ತಕ್ಷಣ ಗೊತ್ತಾಗಿಬಿಡುತ್ತೆ: ಮಿಲಿಸೆಕೆಂಡುಗಳನ್ನು 32 ಬಿಟ್‌ನಲ್ಲಿ ಎಣಿಸಿದ್ರೆ 49.7 ದಿನಕ್ಕೆ ಎಣಿಕೆ ಉರುಳಿ ಮತ್ತೆ ಸೊನ್ನೆಗೆ ಬರುತ್ತೆ. ತಿದ್ದಬೇಕಾಗಿದ್ದು ಒಂದೇ ಸಾಲು. ಅಲ್ಲಿಯವರೆಗೂ ಆ ಊರುಗಳ ನೀರಗಂಟಿಗಳೇ ಪ್ಯಾನೆಲ್ ತೆಗೆದು ಆಫ್ ಮಾಡಿ ಆನ್ ಮಾಡ್ತಿದ್ರು. ಒಬ್ಬರಂತೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಅಮಾವಾಸ್ಯೆ ಲೆಕ್ಕದಲ್ಲಿ ಮಾಡ್ತಿದ್ರಂತೆ. "ಅಮಾಸಿಗೊಂದು ಸಲ ಆರ್ಸಿ ಹಚ್ತೀನ್ರೀ, ತಂಟೆನೇ ಇಲ್ಲ" ಅಂತ. ನಮ್ಮ ಟೆಸ್ಟಿಂಗ್ ಟೀಮ್ ಕಂಡುಹಿಡಿಯದ್ದನ್ನ ಅವರು ಕಂಡುಹಿಡಿದಿದ್ರು.

ಒಂದು ಸಾಲು ತಿದ್ದಿದ್ದಾಯ್ತು. ಕಂಪೈಲ್ ಮಾಡೋದು ಯಾವುದರಿಂದ? ಈ ಬೋರ್ಡಿಗೆ ಕೋಡ್ ಹುಟ್ಟಿಸುವ ಕಂಪೈಲರ್ ಇದ್ದಿದ್ದು ಒಂದೇ ಒಂದು ಡೆಸ್ಕ್‌ಟಾಪ್ ಮೆಷೀನಿನಲ್ಲಿ, ಒಂದು ಮೇಜಿನ ಕೆಳಗೆ. ಅದನ್ನು ಕಟ್ಟಿದವರು ಬಹಳ ಹಿಂದೆಯೇ ಬಿಟ್ಟು ಹೋಗಿದ್ರು. ಹೇಗೆ ಕಟ್ಟಿದ್ರು ಅಂತ ಒಂದು ಚೀಟಿಯೂ ಇರಲಿಲ್ಲ. ಜಿಸಿಸಿ 4.3.2, ಬಿಡುಗಡೆಯಾಗಿದ್ದು 2008ರಲ್ಲಿ. ಆಗ ನಾನು ಆರನೇ ಕ್ಲಾಸು.

"ಕಾಪಿ ಹೊಡ್ಕೊಂಡ್ರೆ ಆಯ್ತಲ್ಲ" ಅಂತ ನೀವು ಕೇಳಬಹುದು. ನಾವೂ ಅದನ್ನೇ ಮಾಡಿದ್ವಿ. ಇಡೀ ಡಿಸ್ಕಿನ ನಕಲು ತೆಗೆದಿಟ್ವಿ, ಕಂಪೈಲರ್ ಓಡಿತು, ಫರ್ಮ್‌ವೇರ್ ತಯಾರಾಯ್ತು. ಆದ್ರೆ ಅದನ್ನು ತಗೊಳ್ಳಬೇಕಾದವರು ಒಂದು ಪ್ರಶ್ನೆ ಕೇಳಿದ್ರು: ಈ ಬೈನರಿ ಯಾವ ಸೋರ್ಸಿನಿಂದ, ಯಾವ ಉಪಕರಣದಿಂದ ಆಯ್ತು, ಆ ಉಪಕರಣ ಎಲ್ಲಿಂದ ಬಂತು, ಬರೆದುಕೊಡಿ. 'ಮೇಜಿನ ಕೆಳಗಿಂದ' ಅಂತ ಬರೆಯೋಕಾಗುತ್ತಾ? ಉತ್ತರ ಸಿಗುವವರೆಗೆ ಹೊಸ ಫರ್ಮ್‌ವೇರ್ ಬೇಡ ಅಂದ್ರು. ಕೆಲವರು ಇದನ್ನ ಬರೀ ಕಾಗದದ ಕಿರಿಕಿರಿ ಅಂದ್ರು. ನನಗೆ ಹಾಗನ್ನಿಸಲಿಲ್ಲ. ಊರಿನ ನೀರಿನ ವಿಷಯ. ಅವರು ಕೇಳಿದ್ದು ನ್ಯಾಯವಾಗೇ ಇತ್ತು.

ಈ ಪ್ರಶ್ನೆಗೆ ಹಳೇ ಇತಿಹಾಸ ಇದೆ. ಯುನಿಕ್ಸ್ ಮಾಡಿದ ಕೆನ್ ಥಾಮ್ಸನ್ ಟ್ಯೂರಿಂಗ್ ಪ್ರಶಸ್ತಿಯ ಭಾಷಣದಲ್ಲಿ ಒಂದು ಕೀಟಲೆಯ ಬಗ್ಗೆ ಹೇಳಿದ್ರು. ಭಾಷಣ 1984ರಲ್ಲಿ ಅಚ್ಚಾಯ್ತು. ಲಾಗಿನ್ ಪ್ರೋಗ್ರಾಮನ್ನು ಕಂಪೈಲ್ ಮಾಡ್ತಿದೀನಿ ಅಂತ ಕಂಪೈಲರಿಗೆ ಗೊತ್ತಾದ್ರೆ ಅದಕ್ಕೊಂದು ಕಳ್ಳ ಬಾಗಿಲು ಸೇರಿಸೋದು. ಜೊತೆಗೆ, ತನ್ನದೇ ಸೋರ್ಸನ್ನು ಕಂಪೈಲ್ ಮಾಡುವಾಗ ಈ ಎರಡೂ ಬುದ್ಧಿಯನ್ನು ಹೊಸ ಕಂಪೈಲರಿಗೂ ದಾಟಿಸೋದು. ಒಂದು ಸಲ ಹೀಗೆ ಮಾಡಿ ಸೋರ್ಸಿನಿಂದ ಆ ಸಾಲುಗಳನ್ನು ಅಳಿಸಿಬಿಟ್ರೆ ಮುಗೀತು. ಸೋರ್ಸ್ ಎಷ್ಟು ಓದಿದ್ರೂ ಏನೂ ಸಿಗಲ್ಲ, ಕಳ್ಳಬುದ್ಧಿ ಬೈನರಿಯಿಂದ ಬೈನರಿಗೆ ಇಳೀತಾ ಹೋಗುತ್ತೆ. ಹಾಲು ಎಷ್ಟು ಶುದ್ಧವಾಗಿದ್ರೂ ಹೆಪ್ಪು ಕಹಿಯಾಗಿದ್ರೆ ಮೊಸರೂ ಕಹಿಯೇ, ಆ ಮೊಸರಿನಿಂದ ನಾಳೆ ಮಾಡಿದ್ದೂ ಕಹಿಯೇ.

ಇದೆಲ್ಲಾ ಪಂಡಿತರ ಚರ್ಚೆ ಅಂದ್ಕೊಂಡವರಿಗೆ 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಪ್ರಕರಣ ಬಂತು. ಫೈಲು ಕುಗ್ಗಿಸುವ ಒಂದು ಸಾಧಾರಣ ಲೈಬ್ರರಿ. ಅದರ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು ಇತ್ತು. ಅದು ಅಡಗಿದ್ದ ಜಾಗ ನೋಡಿ: ಎಲ್ಲರೂ ನೋಡುವ ಗಿಟ್ ಭಂಡಾರದಲ್ಲಿ ಇಲ್ಲದ, ಬಿಡುಗಡೆಯ ಟಾರ್‌ಬಾಲ್‌ನಲ್ಲಿ ಮಾತ್ರ ಇದ್ದ ಒಂದು ಬಿಲ್ಡ್ ಮ್ಯಾಕ್ರೋ ಫೈಲು. ಅದು ಬಿಲ್ಡ್ ಹೊತ್ತಿನಲ್ಲಿ, ಟೆಸ್ಟ್ ಫೈಲುಗಳ ವೇಷದಲ್ಲಿದ್ದ ವಿಷವನ್ನು ಬಿಚ್ಚಿ ಸೇರಿಸ್ತಿತ್ತು. ಪೋಸ್ಟ್‌ಗ್ರೆಸ್ ಡೆವಲಪರ್ ಆಂಡ್ರೆಸ್ ಫ್ರಾಯ್ಂಡ್ ಅವರಿಗೆ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ನಿಧಾನ ಆಗಿದೆ ಅಂತ ಅನುಮಾನ ಬಂದಿದ್ದಕ್ಕೆ ಅದು ಸಿಕ್ಕಿಬಿತ್ತು. ಕಾನ್ಫಿಗರ್ ಸ್ಕ್ರಿಪ್ಟುಗಳನ್ನು ಯಾರೂ ಓದಲ್ಲ. ನಾನೂ ಓದ್ತಿರಲಿಲ್ಲ, ನೀವೂ ಓದಿರಲ್ಲ ಬಿಡಿ. ಕಳ್ಳನಿಗೆ ಅದು ಗೊತ್ತಿತ್ತು.

ಸರಿ, ಕೆಲಸಕ್ಕೆ ಬರೋಣ. ನನ್ನ ಹತ್ರ ಇದ್ದ ಒಂದೇ ಶಾಸನ, ಆ ಹಳೇ ಕಂಪೈಲರ್ ತಾನೇ ಹೇಳುವ ಮಾತು. ಜಿಸಿಸಿಗೆ 'ಮೈನಸ್ ವಿ' ಅಂತ ಕೊಟ್ಟರೆ ತನ್ನನ್ನು ಕಟ್ಟಿದಾಗ ಯಾವ ಯಾವ ಆಯ್ಕೆ ಕೊಟ್ಟಿದ್ರು ಅಂತ ಪೂರಾ ಸಾಲು ತೋರಿಸುತ್ತೆ. ಟಾರ್ಗೆಟ್ ಯಾವುದು, ಎಲ್ಲಿ ಇನ್‌ಸ್ಟಾಲ್ ಆಗಬೇಕು, ದಶಮಾಂಶ ಲೆಕ್ಕ ಚಿಪ್ಪಿನಲ್ಲೋ ಸಾಫ್ಟ್‌ವೇರಿನಲ್ಲೋ, ಯಾವ ಭಾಷೆಗಳು, ಎಲ್ಲ. ಇದನ್ನು ಜಿಸಿಸಿಯಲ್ಲಿ ಇಟ್ಟ ಪುಣ್ಯಾತ್ಮರಿಗೆ ಮನಸ್ಸಿನಲ್ಲೇ ಕೈಮುಗಿದೆ. ಅದು ಹೇಳದೇ ಇರೋದು ಒಂದೇ: ಕಟ್ಟುವ ಮುಂಚೆ ಸೋರ್ಸಿಗೆ ಯಾರಾದ್ರೂ ತೇಪೆ ಹಾಕಿದ್ರಾ ಅಂತ.

ಬೇರೆ ಚಿಪ್ಪಿಗೆ ಕೋಡ್ ಹುಟ್ಟಿಸುವ ಕಂಪೈಲರ್ ಕಟ್ಟೋದು ಮಾಮೂಲಿಗಿಂತ ಸ್ವಲ್ಪ ಸುತ್ತು. ಸಿ ಲೈಬ್ರರಿ ಅಂದ್ರೆ ಜಿಲಿಬ್‌ಸಿಯನ್ನು ಆರ್ಮ್‌ಗೆ ಕಟ್ಟೋಕೆ ಆರ್ಮ್ ಕಂಪೈಲರ್ ಬೇಕು. ಪೂರ್ತಿ ಕಂಪೈಲರ್ ಆಗೋಕೆ ಜಿಲಿಬ್‌ಸಿ ಬೇಕು. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ. ದಾರಿ ಏನಂದ್ರೆ ಮೊದಲು ಅಸೆಂಬ್ಲರ್, ಲಿಂಕರ್ ಇರುವ ಬಿನ್‌ಯುಟಿಲ್ಸ್. ಆಮೇಲೆ ಲಿನಕ್ಸ್ ಕರ್ನಲ್ಲಿನ ಹೆಡರ್ ಫೈಲುಗಳು. ಆಮೇಲೆ ಲೈಬ್ರರಿ ಇಲ್ಲದ, ಸಿ ಮಾತ್ರ ಬರುವ ಅರ್ಧಂಬರ್ಧ ಜಿಸಿಸಿ. ಅದರಿಂದ ಜಿಲಿಬ್‌ಸಿ. ಕೊನೆಗೆ ಇದೇ ಜಿಸಿಸಿಯನ್ನು ಮತ್ತೊಮ್ಮೆ, ಈ ಸಲ ಪೂರ್ತಿಯಾಗಿ. ಆಗಿನ ಕಾಲದಲ್ಲಿ ಜಿಲಿಬ್‌ಸಿಯ ಆರ್ಮ್ ಭಾಗ 'ಪೋರ್ಟ್ಸ್' ಅಂತ ಬೇರೆಯೇ ಗಂಟಿನಲ್ಲಿ ಬರ್ತಿತ್ತು, ಅದನ್ನು ಒಳಗೆ ಬಿಚ್ಚಿಟ್ಟುಕೊಳ್ಳಬೇಕು. ಜಿಎಂಪಿ, ಎಂಪಿಎಫ್‌ಆರ್ ಅನ್ನೋ ಎರಡು ಗಣಿತದ ಲೈಬ್ರರಿಗಳೂ ಬೇಕು. ಮೂರನೆಯದಾದ ಎಂಪಿಸಿ ಕಡ್ಡಾಯ ಆಗಿದ್ದು 4.5ರಿಂದ, ಹಾಗಾಗಿ ಅದರ ಕಾಟ ನನಗಿರಲಿಲ್ಲ.

ಈ ದಾರಿ ನಾನು ಕಂಡುಹಿಡಿದಿದ್ದಲ್ಲ. ಡ್ಯಾನ್ ಕೆಗೆಲ್ ಅವರ ಕ್ರಾಸ್‌ಟೂಲ್, ಅದರ ನಂತರದ ಕ್ರಾಸ್‌ಟೂಲ್-ಎನ್‌ಜಿ ಇದನ್ನೇ ಮಾಡುತ್ತವೆ. ಗೆರಾರ್ಡ್ ಬೀಕ್‌ಮನ್ಸ್ ಶುರು ಮಾಡಿದ 'ಲಿನಕ್ಸ್ ಫ್ರಮ್ ಸ್ಕ್ರ್ಯಾಚ್' ಪುಸ್ತಕ ಓದಿದವರಿಗೂ ಇದು ಹಳೇ ಪರಿಚಯ. ಆ ಪುಸ್ತಕದಲ್ಲಿ ಸಮಯ ಅಳೆಯುವ ರೀತಿ ನನಗೆ ಬಹಳ ಇಷ್ಟ. ಯಾರ ಮೆಷೀನು ಎಷ್ಟು ವೇಗವೋ ಗೊತ್ತಿಲ್ಲ, ಅದಕ್ಕೆ ನಿಮಿಷದಲ್ಲಿ ಹೇಳೋದೇ ಇಲ್ಲ. ಮೊದಲ ಸಲ ಬಿನ್‌ಯುಟಿಲ್ಸ್ ಕಟ್ಟೋಕೆ ನಿಮ್ಮ ಮೆಷೀನಿಗೆ ಎಷ್ಟು ಹೊತ್ತಾಗುತ್ತೋ ಅದು ಒಂದು ಎಸ್‌ಬಿಯು. ಉಳಿದಿದ್ದೆಲ್ಲ ಅದರ ಇಷ್ಟು ಪಟ್ಟು ಅಂತ. ಒಂದು ಪಾವು ಅಕ್ಕಿಗೆ ಎರಡು ಪಾವು ನೀರು ಅಂದ ಹಾಗೆ, ಪಾವು ನಿಮ್ಮ ಮನೆಯದ್ದು.

ಸ್ಕ್ರಿಪ್ಟ್ ಬರೆಯುವಾಗ ಗಮನ ಕೊಟ್ಟ ಕೆಲವು ವಿಷಯ ಹೇಳಿಬಿಡ್ತೀನಿ, ಯಾರಿಗಾದ್ರೂ ಉಪಯೋಗಕ್ಕೆ ಬರಬಹುದು. ಒಂದು ಹೆಜ್ಜೆ ತಪ್ಪಿದ್ರೆ ಅಲ್ಲೇ ನಿಲ್ಲಬೇಕು, ಅದಕ್ಕೆ 'ಸೆಟ್ ಮೈನಸ್ ಇ'. ಇಷ್ಟು ಎಲ್ಲರೂ ಹಾಕ್ತಾರೆ. ಆದ್ರೆ ಮೇಕ್‌ನ ಮಾತುಗಳನ್ನು 'ಟೀ' ಮೂಲಕ ಲಾಗ್ ಫೈಲಿಗೆ ಕಳಿಸಿದ್ರೆ ಶೆಲ್ ನೋಡೋದು ಟೀ ಗೆದ್ದಿತಾ ಅಂತ, ಮೇಕ್ ಸೋತಿದ್ದು ಅದಕ್ಕೆ ಗೊತ್ತೇ ಆಗಲ್ಲ. 'ಪೈಪ್‌ಫೇಲ್' ಇರಲೇಬೇಕು. ಬ್ಯಾಶ್ ಒಂದು ಸಲ ಯಾವ ಪ್ರೋಗ್ರಾಮ್ ಎಲ್ಲಿದೆ ಅಂತ ನೋಡಿದ್ರೆ ಅದನ್ನು ನೆನಪಿಟ್ಟುಕೊಳ್ಳುತ್ತೆ, ಹಾಗಾಗಿ ನೀವು ಈಗಷ್ಟೇ ಕಟ್ಟಿದ ಹೊಸದನ್ನು ಬಿಟ್ಟು ಹಳೇದನ್ನೇ ಕರೆಯಬಹುದು. ಆ ನೆನಪನ್ನು ಆಫ್ ಮಾಡಿ. ಲೊಕೇಲ್ ಅನ್ನು 'ಸಿ'ಗೆ ಇಡಿ. ನನ್ನ ಲ್ಯಾಪ್‌ಟಾಪ್ ಕನ್ನಡ ಲೊಕೇಲ್‌ನಲ್ಲಿರುತ್ತೆ (ನೀವೂ ಇಟ್ಕೊಳ್ಳಿ!), ಆದ್ರೆ ಸಾರ್ಟ್ ಮಾಡುವ ಕ್ರಮ ಲೊಕೇಲ್ ಮೇಲೆ ಬದಲಾಗುತ್ತೆ, ಕ್ರಮ ಬದಲಾದ್ರೆ ಲಿಂಕ್ ಆಗುವ ಕ್ರಮ ಬದಲಾಗಬಹುದು. ಕನ್ನಡಾಭಿಮಾನ ಬಿಲ್ಡ್ ಮುಗಿದ ಮೇಲೆ. ಇನ್ನು ಪ್ರತಿ ಟಾರ್‌ಬಾಲ್‌ನ ಚೆಕ್‌ಸಮ್ ಸ್ಕ್ರಿಪ್ಟಿನೊಳಗೇ ಬರೆದಿಟ್ಟಿದೀನಿ. ಬಿಲ್ಡ್ ನಡೆಯುವಾಗ ಇಂಟರ್ನೆಟ್ ಇರಬಾರದು, ಕೇಬಲ್ ಕಿತ್ತ ಹಾಗೆ.

ಮೊದಲು ಇವತ್ತಿನ ಲಿನಕ್ಸ್‌ನಲ್ಲೇ ಏನೇನು ಮುರಿಯುತ್ತೆ ಪಟ್ಟಿ ಮಾಡೋಣ ಅಂತ ಓಡಿಸಿದೆ. ದೊಡ್ಡ ಪಟ್ಟಿಯೇ ಆಯ್ತು. ನನಗೆ ಅತಿ ಇಷ್ಟವಾಗಿದ್ದು ಇದು: ಹಳೇ ಜಿಲಿಬ್‌ಸಿಯ ಕಾನ್ಫಿಗರ್, ನಿಮ್ಮ 'ಮೇಕ್' ತೀರಾ ಹಳೇದು, ಕಟ್ಟಲ್ಲ ಅಂತು. ನನ್ನ ಹತ್ರ ಇದ್ದಿದ್ದು 4ರ ಸರಣಿಯ ಮೇಕ್! ಒಳಗೆ ಹೋಗಿ ನೋಡಿದ್ರೆ ಅದು ಒಪ್ಪೋದು 3.79, ಇಲ್ಲಾ 3.8, 3.9ರಿಂದ ಶುರುವಾಗುವ ಸಂಖ್ಯೆಗಳನ್ನು ಮಾತ್ರ. 2013ರಲ್ಲಿ ಮೇಕ್ 4.0 ಬಂದಾಗ ಈ ಚೆಕ್ ಕಕ್ಕಾಬಿಕ್ಕಿ. ಬರೆದವರು ಮೇಕ್ ಯಾವತ್ತೂ 3 ದಾಟಲ್ಲ ಅಂದ್ಕೊಂಡಿದ್ರೋ ಏನೋ. ಆಮೇಲೆ ಡಾಕ್ಯುಮೆಂಟೇಶನ್. ಟೆಕ್ಸ್‌ಇನ್ಫೋ 5ರಿಂದ ವ್ಯಾಕರಣ ಬಿಗಿಯಾಯ್ತು, ಜಿಸಿಸಿ 4ರ ಕಾಲದ ಕೈಪಿಡಿಗಳು ಅದರ ಕೈಲಿ ಫೇಲು. ಯಾರೂ ಓದದ ಕೈಪಿಡಿಗೋಸ್ಕರ ಇಡೀ ಕಂಪೈಲರ್ ನಿಂತುಹೋಗೋದು. ಮತ್ತೆ, ಜಿಸಿಸಿ 5 (2015) ಸಿ ಭಾಷೆಯ ಡೀಫಾಲ್ಟ್ ಆವೃತ್ತಿಯನ್ನು ಬದಲಿಸಿದಾಗ 'ಇನ್‌ಲೈನ್' ಪದದ ಅರ್ಥವೇ ಬದಲಾಯ್ತು, ಹಳೇ ಅರ್ಥ ಬೇಕು ಅಂತ ಬಿಡಿಸಿ ಹೇಳಬೇಕು.

ಇವೆಲ್ಲ ಕೂಗಿ ಹೇಳುವ ತೊಂದರೆಗಳು, ಭಯ ಇಲ್ಲ. ಭಯ ಸುಮ್ಮನಿರುವವುಗಳದ್ದು. 2024ರ ಜಿಸಿಸಿ 14, ಡಿಕ್ಲೇರ್ ಮಾಡದ ಫಂಕ್ಷನ್ ಕರೆದ್ರೆ ಎಚ್ಚರಿಕೆ ಕೊಡೋ ಬದಲು ಎರರ್ ಕೊಡೋಕೆ ಶುರು ಮಾಡ್ತು. ಒಳ್ಳೇದೇ. ಆದ್ರೆ ಹಳೇ ಕಾನ್ಫಿಗರ್ ಸ್ಕ್ರಿಪ್ಟುಗಳು ಪುಟ್ಟ ಪುಟ್ಟ ಪ್ರೋಗ್ರಾಮ್ ಕಂಪೈಲ್ ಮಾಡಿ, ಆಯ್ತಾ ಇಲ್ವಾ ನೋಡಿ, ಈ ಸಿಸ್ಟಮ್‌ನಲ್ಲಿ ಇಂಥ ಸೌಲಭ್ಯ ಇದೆ ಅಥವಾ ಇಲ್ಲ ಅಂತ ತೀರ್ಮಾನಿಸ್ತವೆ. ಆ ಪುಟ್ಟ ಪ್ರೋಗ್ರಾಮುಗಳನ್ನು ಬರೆದವರು ಡಿಕ್ಲರೇಶನ್‌ಗೆಲ್ಲ ತಲೆ ಕೆಡಿಸಿಕೊಂಡಿರಲಿಲ್ಲ. ಈಗ ಅವು ಫೇಲ್ ಆಗಿ, ಇರುವ ಸೌಲಭ್ಯವನ್ನೇ ಇಲ್ಲ ಅಂತ ಬರೆದುಕೊಂಡು ಬಿಲ್ಡ್ ಮುಂದೆ ಹೋಗುತ್ತೆ. ಯಾವ ಎರರೂ ಕಾಣಲ್ಲ, ಹುಟ್ಟುವ ಪ್ರೋಗ್ರಾಮ್ ಮಾತ್ರ ಬೇರೆ.

ಅದಕ್ಕೇ ಅಸಲಿ ಬಿಲ್ಡ್ ಅನ್ನು ಹಳೇ ಪರಿಸರದಲ್ಲೇ ಮಾಡೋದು ಅಂತ ತೀರ್ಮಾನಿಸಿದೆ. ವರ್ಚುವಲ್ ಮೆಷೀನಿನಲ್ಲಿ 2011ರ ಡೆಬಿಯನ್ 6, 32 ಬಿಟ್. ಅದರ ಜೊತೆ ಬರೋದು ಜಿಸಿಸಿ 4.4. ಅಲ್ಲಿ ಸ್ಕ್ರಿಪ್ಟ್ ಒಂದು ತೇಪೆಯೂ ಇಲ್ಲದೆ ಕೊನೆ ಮುಟ್ಟಿತು.

ಈಗ ಅಸಲಿ ಪರೀಕ್ಷೆ. ಬೇರೆ ಚಿಪ್ಪಿನ ಕಂಪೈಲರಿಗೆ ಮೊದಲು ಹೇಳಿದ ಮೂರು ತಲೆಮಾರಿನ ತಪಾಸಣೆ ಇರಲ್ಲ, ಯಾಕಂದ್ರೆ ಅದು ತನ್ನನ್ನು ತಾನು ಈ ಮೆಷೀನಿಗೆ ಕಟ್ಟಿಕೊಳ್ಳೋಕೆ ಬರಲ್ಲ. ಹಾಗಾಗಿ ಬೋರ್ಡಿನ ಹಳೇ ಫರ್ಮ್‌ವೇರನ್ನೇ ತಕ್ಕಡಿ ಮಾಡಿಕೊಂಡೆ. ಅದೇ ಸೋರ್ಸನ್ನು ಮೇಜಿನ ಕೆಳಗಿನ ಕಂಪೈಲರ್‌ನಲ್ಲೂ ನನ್ನದರಲ್ಲೂ ಕಂಪೈಲ್ ಮಾಡಿ ಆಬ್ಜೆಕ್ಟ್ ಫೈಲುಗಳನ್ನು ಹೋಲಿಸೋದು. ಕೋಡಿನೊಳಗೆ ಅಂದಿನ ದಿನಾಂಕ, ಸಮಯ ತುರುಕುವ ಎರಡು ಜಾಗ ಇದ್ದವು, ಅವನ್ನು ಸ್ಥಿರ ಮಾಡಿದೆ. ಡೀಬಗ್ ಮಾಹಿತಿಯಲ್ಲಿ ಬರುವ ಡೈರೆಕ್ಟರಿ ಹೆಸರುಗಳನ್ನು ಕಿತ್ತೆ. ಒಟ್ಟು 212 ಫೈಲು. 209 ಬೈಟಿಗೆ ಬೈಟ್ ಸರಿ. ಮೂರು ಬೇರೆ.

ಮೂರೇ ಅಲ್ವಾ ಅಂತ ಬಿಡಬಹುದಿತ್ತು. ಹಾಗಂತ ಒಬ್ಬರು ಸಲಹೆಯನ್ನೂ ಕೊಟ್ಟರು, "ನೈಂಟಿಏಯ್ಟ್ ಪರ್ಸೆಂಟ್ ಕಣೋ, ಬಿಇಯಲ್ಲಿ ಬಂದಿದ್ಯಾ ಯಾವತ್ತಾದ್ರೂ" ಅಂತ. ಆದ್ರೆ ಆ ಮೂರರಲ್ಲಿ ಒಂದು, ಮೋಟಾರು ನಿಲ್ಲಿಸುವ ಕೋಡು. ಅಸೆಂಬ್ಲಿ ತೆಗೆದು ಪಕ್ಕಪಕ್ಕ ಇಟ್ಟು ಓದಿದೆ. ಮೂರರಲ್ಲೂ ಒಂದೇ ಬಗೆಯ ಲೂಪು, ಒಂದೇ ಬಗೆಯ ವ್ಯತ್ಯಾಸ. ಮೇಜಿನ ಕೆಳಗಿನದ್ದು ಒಂದು ಬೆಲೆಯನ್ನು ಮೆಮೊರಿಯಿಂದ ಮತ್ತೆ ಓದ್ತಿತ್ತು, ನನ್ನದು ಓದ್ತಿರಲಿಲ್ಲ. ಅಂದ್ರೆ ಹಳೇದೇ ಸರಿ, ಹೊಸದು ತಪ್ಪು! 4.3.2ರಲ್ಲಿ ಒಂದು ದೋಷ ಇತ್ತು, ಹಿಂದೆ ಯಾರೋ ಅದಕ್ಕೆ ಸಿಕ್ಕಿಬಿದ್ದು, ಅದೇ ಸರಣಿಯ ಮುಂದಿನ ಬಿಡುಗಡೆಗೆ ಹೋಗಿದ್ದ ತಿದ್ದುಪಡಿಯನ್ನು ಮೊದಲೇ ತಂದು ಹಾಕಿಕೊಂಡಿದ್ರು. ಹಾಕಿ, ಎಲ್ಲೂ ಬರೆದಿಡದೆ, ಕೆಲಸ ಬಿಟ್ಟು ಹೋಗಿದ್ರು. ಅವರನ್ನು ಬೈಯಬೇಕೋ ಹೊಗಳಬೇಕೋ ಇನ್ನೂ ತಿಳಿದಿಲ್ಲ. ಎರಡು ಬಿಡುಗಡೆಗಳ ನಡುವಿನ ಬದಲಾವಣೆಗಳಲ್ಲಿ ಅದನ್ನು ಹುಡುಕೋಕೆ ಒಂಬತ್ತು ದಿನ ಹಿಡೀತು. ಆ ತೇಪೆ ಈಗ ಸ್ಕ್ರಿಪ್ಟಿನ ಪಕ್ಕದಲ್ಲೇ ಒಂದು ಫೈಲಾಗಿದೆ, ಮೇಲೆ ಯಾಕೆ ಏನು ಎತ್ತ ಅಂತ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದಿದೀನಿ. 212ಕ್ಕೆ 212.

ಫರ್ಮ್‌ವೇರ್ ಹೋಯ್ತು. ಕೇಳಿದವರಿಗೆ ಸ್ಕ್ರಿಪ್ಟನ್ನೇ ಕೊಟ್ವಿ. ಅವರೇ ಓಡಿಸಿ, ಅವರ ಮೆಷೀನಿನಲ್ಲಿ ಅದೇ ಚೆಕ್‌ಸಮ್ ಬಂತು ಅಂತ ಪತ್ರ ಬರೆದ್ರು. ನೀರಗಂಟಿಗಳು ಇನ್ಮೇಲೆ ಅಮಾವಾಸ್ಯೆ ನೋಡೋದು ಬೇಕಾಗಿಲ್ಲ.

ಆದ್ರೂ ಹೆಪ್ಪಿನ ಪ್ರಶ್ನೆ ಉಳಿದೇ ಇದೆ. ನನ್ನ ಕಂಪೈಲರಿಗೆ ಹೆಪ್ಪು ಡೆಬಿಯನ್ 6ರ ಜಿಸಿಸಿ. ಅದಕ್ಕೆ? ಅದರ ಹಿಂದಿನದ್ದು. ಇದನ್ನು ಬುಡಸಮೇತ ಬಿಡಿಸೋಕೆ ಹೊರಟವರೂ ಇದ್ದಾರೆ. ಗ್ನೂ ಗ್ವಿಕ್ಸ್‌ನವರು 2023ರಲ್ಲಿ 357 ಬೈಟ್‌ಗಳ ಒಂದು ಬೀಜದಿಂದ ಶುರು ಮಾಡಿ ಮೆಟ್ಟಿಲು ಮೆಟ್ಟಿಲಾಗಿ ಜಿಸಿಸಿಯವರೆಗೂ ಹತ್ತಿದ್ದಾರೆ. 357 ಬೈಟ್ ಅಂದ್ರೆ ಒಬ್ಬ ಮನುಷ್ಯ ಪೆನ್ನು ಹಿಡಿದು ಕೂತು ಓದಿ ಅರ್ಥ ಮಾಡಿಕೊಳ್ಳುವಷ್ಟು. ಹೆಪ್ಪೇ ಇಲ್ಲದಾಗ ಹಾಲಿಗೆ ಒಣಮೆಣಸಿನಕಾಯಿ ತೊಟ್ಟು ಹಾಕಿ ಮೊಸರು ಮಾಡ್ತಾರಲ್ಲ, ಹಾಗೆ. ಸ್ವಲ್ಪ ಹೊತ್ತು ಹೆಚ್ಚು ಹಿಡಿಯುತ್ತೆ ಅಷ್ಟೇ!

ಅಷ್ಟು ದೂರ ಹೋಗಲಾರದವರಿಗೆ ಡೇವಿಡ್ ವೀಲರ್ ಹೇಳಿದ ಇನ್ನೊಂದು ಉಪಾಯ ಇದೆ, 2005ರ ಪ್ರಬಂಧ. ಬೇರೆ ವಂಶದ ಕಂಪೈಲರಿನಿಂದ ಅದೇ ಸೋರ್ಸ್ ಕಟ್ಟಿ, ಅದರಿಂದ ಮತ್ತೆ ಕಟ್ಟಿ, ಕೊನೆಯ ಫಲ ಹೋಲಿಸಿ. ಎರಡು ಬೇರೆ ಮನೆಗಳ ಹೆಪ್ಪಿಗೆ ಒಂದೇ ಕಳ್ಳಬುದ್ಧಿ ಇರೋದು ಕಷ್ಟ. ನಾನು ಅದರ ಬಡ ತಮ್ಮನಂಥದ್ದನ್ನು ಮಾಡಿದೆ. ಆ ಮುರಿದ ವಸ್ತುಗಳ ಪಟ್ಟಿಯನ್ನೆಲ್ಲ ಸರಿಮಾಡಿ, ಇವತ್ತಿನ ಜಿಸಿಸಿಯಿಂದಲೂ ನನ್ನ 4.3.2 ಕಟ್ಟಿ, ಅದರಲ್ಲಿ ಫರ್ಮ್‌ವೇರ್ ಕಂಪೈಲ್ ಮಾಡಿದೆ. ಅಲ್ಲೂ 212ಕ್ಕೆ 212. ಆದ್ರೆ ಎರಡೂ ಜಿಸಿಸಿ ವಂಶವೇ ಅಲ್ವಾ, ಪಕ್ಕದ ಮನೆಗೆ ಹೆಪ್ಪು ಕೊಟ್ಟಿದ್ದೂ ನಾವೇ ಇರಬಹುದು. ಹಾಗಾಗಿ ಹೋದ ಶನಿವಾರದಿಂದ ಕ್ಲ್ಯಾಂಗ್‌ನಲ್ಲಿ ಕಟ್ಟೋಕೆ ನೋಡ್ತಿದೀನಿ. ಆಫೀಸಿನವರು ಯಾರೂ ಕೇಳಿಲ್ಲ, ಇದು ನನ್ನ ಸ್ವಂತ ಖುಷಿಗೆ. ಬಿನ್‌ಯುಟಿಲ್ಸ್ ಆಯ್ತು. ಅರ್ಧಂಬರ್ಧ ಜಿಸಿಸಿಯ ಅರ್ಧದಲ್ಲಿ ನಿಂತಿದೆ.